ಹಗ್ಗ ಎಳೆದರೆ ತೆರೆಯುವ ಗೇಟು

ನನ್ನ ಸೋದರಮಾವ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಬೀದಿಯವರೆಲ್ಲ ಅವನನ್ನು ಕರೆಯುವುದು ಮಾತ್ರ ಗೇಟ್ ಮಾವ ಎಂದು. ಹಿಂದೆ ಹೊಲ, ತೋಟಗಳಿಗೆ ಗೇಟು ಮಾರುವ ಏಜೆಂಟರು ಇಡೀ ಗೇಟನ್ನು ಹೊತ್ತು ತಿರುಗಲಾಗದೆ, ಅದರ ಮೊಳದುದ್ದದ ಮಾದರಿಯೊಂದನ್ನು ಚೀಲದಲ್ಲಿಟ್ಟುಕೊಂಡು ಊರೂರು ಅಲೆಯುತ್ತಿದ್ದರಂತೆ. ಸನ್ನೆಕೋಲು, ಸರಪಳಿ, ತೂಕದ ಗುಂಡು ಎಲ್ಲ ಇದ್ದು ನಿಜವಾಗಿಯೂ ತೆರೆದು ಮುಚ್ಚುವ ಅಂಥದ್ದೊಂದು ಗುಜರಿಯಲ್ಲಿ ಕಣ್ಣಿಗೆ ಬಿದ್ದರೆ ಮಾವನಿಗೆ ಊಟ ನಿದ್ದೆ ಬೇಡ. ತುಕ್ಕು ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಮುರಿದ ಕಡೆ ಹೊಸ ಕೀಲು ಮಾಡಿ ಕೂರಿಸುತ್ತಾನೆ. ಅವರ ಮನೆಯಲ್ಲೇ ಬೆಳೆದ ನನಗೆ ಕಪಾಟಿನಲ್ಲಿ ಗೇಟುಗಳೂ ಮಂಚದ ಕೆಳಗೆ ಲೋಟಗಳೂ ಇರುವುದೇ ಸರಿ ಎನಿಸಿಬಿಟ್ಟಿತ್ತು.

ಇಷ್ಟೆಲ್ಲ ಇದ್ದೂ ಮನೆಯ ಮುಂದಿನ ಗೇಟು ಮಾತ್ರ ದೇವರಿಗೇ ಪ್ರೀತಿ. ಮೇಲಿನ ಕೀಲು ಸಡಿಲಾಗಿ ಅದರ ತುದಿ ನೆಲದ ಕಲ್ಲಿನ ಮೇಲೆ ಕೂತಿತ್ತು. ತರಕಾರಿ ಚೀಲ ಹಿಡಿದು ಬರುವ ಅತ್ತೆ ಅದನ್ನು ಮೊಣಕಾಲಿನಿಂದ ಎತ್ತಿ, ಸೊಂಟದಿಂದ ನೂಕಿ ಒಳಗೆ ಬರಬೇಕು. ಮಾವನಿಗೆ ಆ ತಾಪತ್ರಯವಿಲ್ಲ. ಆಚೆ ನಿಂತು ಒಂದು ಕೂಗು ಹಾಕಿದರೆ ಅತ್ತೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು ತೆಗೆಯುತ್ತಿದ್ದಳು.

ಕೊನೆಗೊಂದು ದಿನ ಅತ್ತೆಯ ಮೊಣಕಾಲು ಊದಿಕೊಂಡಿತು. ಡಾಕ್ಟರ ಹತ್ತಿರ ಹೋಗಿಬಂದವಳೇ ಪಟ್ಟು ಹಿಡಿದಳು: ಗೇಟು ರಿಪೇರಿಯಾಗದಿದ್ದರೆ ಕಪಾಟಿನಲ್ಲಿರುವುದೆಲ್ಲ ಬಂದ ದಾರಿಯಲ್ಲೇ ಗುಜರಿಗೆ ಹೋಗುತ್ತದೆ. ಮಾವನ ಜೀವ ಬಾಯಿಗೆ ಬಂತು. ಆಗ ರಿಪೇರಿ ಮಾಡುತ್ತಿದ್ದ ಮಾದರಿಯ ಮೇಲೆ ಆಣೆ ಇಟ್ಟು, ಇದೊಂದು ತೆರೆದುಕೊಂಡ ದಿನವೇ ಮನೆಯ ಗೇಟಿಗೆ ಕೈ ಹಾಕುತ್ತೇನೆ ಎಂದ.

ಹಾಳಾದದ್ದು ತೆರೆದುಕೊಳ್ಳಬೇಕಲ್ಲ. ಗಾಡಿಯವನು ಕೆಳಗಿಳಿಯದೆ, ಕೂತಲ್ಲಿಂದಲೇ ಹಗ್ಗ ಎಳೆದರೆ ತಾನಾಗಿ ತೆರೆಯಬೇಕಾದ ಗೇಟು ಅದು. ಮಾವ ಎಳೆದರೆ ಒಮ್ಮೆ ನಡುಗಿ ಅಲ್ಲೇ ನಿಲ್ಲುತ್ತಿತ್ತು. ಹಗ್ಗ ಬದಲಾಯಿಸಿದ, ಅಗುಳಿಯನ್ನು ಅರದಿಂದ ಉಜ್ಜಿದ, ಅದನ್ನು ಮಾಡಿದವನಿಗೆ ಹಿಡಿಶಾಪ ಹಾಕಿದ. ಆಣೆಯಿಂದ ತಪ್ಪಿಸಿಕೊಳ್ಳಲು ಬೇಕೆಂದೇ ನಾಟಕ ಆಡುತ್ತಿದ್ದಾನೆಂದು ನನಗೂ ಅನುಮಾನ ಬಂತು.

ಒಂದು ಮಧ್ಯಾಹ್ನ ತಟ್ಟೆ ಇಡಲು ಬಂದ ಅತ್ತೆ, ಅವನು ಹಗ್ಗ ಜಗ್ಗುವುದನ್ನು ನೋಡುತ್ತಾ ನಿಂತಳು.

"ಎತ್ತದೆ ಎಳೆದ್ರೆ ಹೇಗ್ರೀ ಬರತ್ತೆ? ನಮ್ಮ ಗೇಟು ಬರತ್ತಾ?"

ಸೌಟಿನ ಹಿಡಿಯನ್ನು ಆ ಪುಟಾಣಿ ಗೇಟಿನ ಕೆಳಗೆ ಕೊಟ್ಟು ಒಂದಿಷ್ಟು ಎತ್ತಿದಳು. ಗೇಟು ನುಣ್ಣಗೆ ಸರಿಯಿತು. ಮಾವ ಬೆಪ್ಪಾದ. ಹಗ್ಗ ಎಳೆದಾಗ ಗೇಟನ್ನು ಮೊದಲು ಮೇಲೆತ್ತಬೇಕಾದ ಡೊಂಕು ಕಡ್ಡಿಯನ್ನು, ಯಾವುದೋ ಹೊಲಿಗೆ ಯಂತ್ರದ್ದೆಂದುಕೊಂಡು ಅವನೇ ಡಬ್ಬಿಗೆ ಎಸೆದಿದ್ದ. ಅದನ್ನು ಹುಡುಕಿ ಕೂರಿಸಿದ್ದೇ ತಡ, ಗೇಟು ಎದ್ದು, ತಿರುಗಿ, ಪೂರ್ತಿ ತೆರೆದುಕೊಂಡಿತು.

ಕುಣಿದಾಡುತ್ತಾನೆ ಅಂದುಕೊಂಡೆ. ಅವನು ಎದ್ದು ನೇರ ಅಂಗಳಕ್ಕೆ ನಡೆದ. ನಾನೂ ಹಿಂದೆಯೇ ಹೋದೆ. ಅತ್ತೆಯ ಹಾಗೆ ಮೊಣಕಾಲು ಕೊಟ್ಟು ದೊಡ್ಡ ಗೇಟನ್ನು ಎತ್ತಿದವನು ನೋವಿಗೆ ಅಲ್ಲೇ ಕುಕ್ಕರಿಸಿದ. ನನಗೆ ಕಿಸಕ್ಕನೆ ನಗು ಬಂತು. ಅವನ ಮುಖ ನೋಡಿದ ಮೇಲೆ ನಿಂತಿತು.

"ಇದನ್ನ ಅವಳು ದಿನಾ ಎತ್ತುತಿದ್ಲಾ?" ಎಂದು ಕೇಳಿದ. ನಿಜಕ್ಕೂ ನಾಚಿಕೆಯಾಗಿತ್ತು ಅವನಿಗೆ.

ಕತ್ತಲಾಗುವುದರೊಳಗೆ ಹೊಸ ಕೀಲು ಕೂತಿತು. ಅಷ್ಟಕ್ಕೇ ಸುಮ್ಮನಿರುವ ಜನವೇ ಅವನು? ಇನ್ನು ಅತ್ತೆ ಗೇಟು ತೆಗೆಯಲು ಹೊರಗೆ ಬರಲೇಬಾರದೆಂದು, ಮಾದರಿಯಲ್ಲಿದ್ದ ಹಾಗೆಯೇ, ಗೇಟಿನಿಂದ ಅಡುಗೆಮನೆಯ ಕಿಟಕಿಯವರೆಗೆ ಹಗ್ಗ ಕಟ್ಟಿ ಎಳೆದು ತೋರಿಸಿದ. ಅತ್ತೆ ಹಗ್ಗವನ್ನು ಮುಟ್ಟಿ ನೋಡಿ, ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡಳು.

ಮರುದಿನ ಸಂಜೆ ಅಂಗಡಿ ಮುಚ್ಚಿ ಬಂದ ಮಾವ ಗೇಟಿನಾಚೆ ಎದೆಯುಬ್ಬಿಸಿ ನಿಂತ.

"ಲೇ, ಹಗ್ಗ ಎಳಿಯೇ."

ಗೇಟು ಅಲುಗಲಿಲ್ಲ. ಇನ್ನೊಮ್ಮೆ ಕೂಗಿದ ಮೇಲೆ ಕಿಟಕಿಯಿಂದ ಅತ್ತೆಯ ದನಿ ಬಂತು.

"ಹಗ್ಗದ ಮೇಲೆ ಬಟ್ಟೆ ಒಣಗ್ತಾ ಇದೆ ರೀ. ಈಗ ಗೇಟು ಒಂದು ಬೆರಳಿಗೆ ಬರತ್ತೆ, ನೀವೇ ತೆಕ್ಕೊಂಡು ಬನ್ನಿ."