ಮೋಟು ಪ್ಯಾಂಟಿನ ಮೊದಲ ಹೊಲಿಗೆ

ಲಂಡನ್ನಿನ ಡೆಪ್ಟ್‌ಫರ್ಡ್ ಪೇಟೆ ಇನ್ನೂ ಕಣ್ಣು ಬಿಟ್ಟಿಲ್ಲ. ಮೀನಿನಂಗಡಿಯ ಪಕ್ಕದ ದರ್ಜಿಯಂಗಡಿಯಲ್ಲಿ ಮಾತ್ರ ಹೊಲಿಗೆಯಂತ್ರದ ಸದ್ದು. ಎಪ್ಪತ್ತೈದು ದಾಟಿದ ಐವರೀನ್ ಪಿನ್ನಕ್ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಯನ್ನು ಗದರುತ್ತಾರೆ: "ನೆಟ್ಟಗೆ ನಿಂತ್ಕೊಳಪ್ಪ. ಒಂದು ಕಾಲು ಮೇಲೆ, ಒಂದು ಕೆಳಗೆ ಆದ್ರೆ ನನ್ನ ಬೈಬೇಡ."

ಬೋಳಿಸಿದ ತಲೆ, ಭಾರದ ಬೂಟು, ಬೂಟು ಪೂರ್ತಿ ಕಾಣುವಂಥ ಮೋಟು ಪ್ಯಾಂಟು. ಅರವತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಕೂಲಿಕಾರರ ಮಕ್ಕಳು ಕಟ್ಟಿಕೊಂಡ ಈ ವೇಷಕ್ಕೆ ಸ್ಕಿನ್‌ಹೆಡ್ ಎಂದು ಹೆಸರು ಬಿತ್ತು. ಈ ಬೀದಿಯಲ್ಲಿ ಅಂಥ ಪ್ಯಾಂಟಿಗೆ ಮೊದಲು ಕತ್ತರಿ ಹಾಕಿದವರು ಜಮೈಕಾದಿಂದ ಬಂದ ಐವರೀನ್.

ಆಗ ಹಗಲೆಲ್ಲ ಕೋಟಿನ ಕಾರ್ಖಾನೆಯಲ್ಲಿ ದುಡಿತ, ಸಂಜೆ ಮನೆಯಲ್ಲಿ ಹೊಲಿಗೆ. ಕರಿಯರಿಗೆ ಬಾಡಿಗೆಗಿಲ್ಲ ಎನ್ನುವ ಬಾಗಿಲುಗಳ ನಡುವೆ ಹೇಗೋ ಸಿಕ್ಕ ಮನೆ ಅದು. ತಮ್ಮ ಎಗ್ಬರ್ಟ್ ಶನಿವಾರ ಚರ್ಚಿನ ಹಾಲಿನಲ್ಲಿ ಜಮೈಕಾದ ಹಾಡು ಹಾಕುತ್ತಿದ್ದ. ಪಕ್ಕದ ಮನೆಯ ಬಿಳಿ ಹುಡುಗ, ಹಡಗುಕಟ್ಟೆ ಹಮಾಲಿಯ ಮಗ ಲೆನ್ನಿ ಕಾಬ್ ಅಲ್ಲಿ ಕುಣಿಯಲು ಹೋದವನು, ಎಗ್ಬರ್ಟನಿಗೆ ಅಕ್ಕ ಹೊಲಿದುಕೊಟ್ಟ ಮೋಟು ಪ್ಯಾಂಟಿಗೆ ಮರುಳಾಗಿ ಐವರೀನ್ ಬಳಿ ಬಂದ.

"ಅಕ್ಕಾ, ನಂಗೂ ಹಂಗೇ ಮಾಡ್ಕೊಡು."

"ಪ್ಯಾಂಟು ಎತ್ಕಟ್ಟಿದೀಯ, ಮನೇಗೆ ನೀರು ನುಗ್ಗಿತ್ತಾ ಅಂತಾಳೆ ನಿಮ್ಮಮ್ಮ!"

"ಅನ್ಲಿ ಬಿಡು. ಹೊಸ ಬೂಟು ತಗೊಂಡಿರೋದು ಮುಚ್ಚಿಡಕ್ಕಾ?"

ಮುಂದಿನ ವಾರ ಅವನ ಗೆಳೆಯರ ದಂಡೇ ಬಾಗಿಲಲ್ಲಿತ್ತು. ಬಿಳಿ ಹುಡುಗರು, ಕರಿ ಹುಡುಗರು ಒಂದೇ ಹಾಡಿಗೆ ಬೆವರಿದ ಕಾಲ ಅದು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ವೇಷ ತೊಟ್ಟ ಬೇರೆ ಬಿಳಿಯರು ಕರಿಯರನ್ನು ಅಟ್ಟಾಡಿಸತೊಡಗಿದರು. ಅಷ್ಟರಲ್ಲಿ ಐವರೀನ್ ಈ ಅಂಗಡಿ ಹಾಕಿದ್ದರು. ಒಂದು ದಿನ ಅಂಥ ಒಬ್ಬ ಬೋಳುತಲೆಯವನು ಪ್ಯಾಂಟನ್ನು ಮೇಜಿಗೆ ಎಸೆದ. "ಮೋಟು ಮಾಡು. ಆಮೇಲೆ ಗಂಟುಮೂಟೆ ಕಟ್ಟಿ ನಿನ್ನ ದೇಶಕ್ಕೆ ಹೊರಡು."

ಐವರೀನ್ ಪ್ಯಾಂಟು ಮಡಚಿ ಹಿಂದಕ್ಕೆ ಕೊಟ್ಟರು. "ಈ ಅಳತೆ ನಮ್ಮ ಹುಡುಗರದ್ದು ಕಣೋ. ನಿಂಗೆ ನಾವು ಬೇಡ ಅಂದ್ರೆ ಇದೂ ಬೇಡ. ಉದ್ದದ್ದೇ ಹಾಕ್ಕೊಂಡು ನಡಿ."

ಮರುದಿನ ಬೆಳಿಗ್ಗೆ ಅಂಗಡಿಯ ಗಾಜು ಪುಡಿಪುಡಿ. ಸುದ್ದಿ ತಿಳಿದ ಲೆನ್ನಿ ಹಡಗುಕಟ್ಟೆಯ ಗೆಳೆಯರೊಂದಿಗೆ ಓಡಿಬಂದ. ಎಲ್ಲರದೂ ಬೋಳುತಲೆ, ಮೋಟು ಪ್ಯಾಂಟು. ಗಾಜು ಗುಡಿಸಿ, ಹಲಗೆ ಬಡಿದು, ಹೊಸ ಗಾಜು ಕೂರುವವರೆಗೂ ಸರದಿಯಲ್ಲಿ ಬಾಗಿಲು ಕಾದರು. ಐವರೀನ್ ಒಳಗೆ ಹೊಲಿಯುತ್ತಲೇ ಇದ್ದರು.

ಈಗಲೂ ಲೆನ್ನಿ ಚಹಾಕ್ಕೆ ಬರುತ್ತಾರೆ. "ಅವತ್ತು ದುಡ್ಡು ಕೊಟ್ಟು ತಲೆ ಬೋಳಿಸ್ಕೊಂಡ. ಈಗ ಪುಕ್ಕಟೆ ಬೋಳು!" ಎಂದು ಐವರೀನ್ ನಗುತ್ತಾರೆ.

ಆ ವೇಷಕ್ಕೆ ಅಂಟಿದ ಕೆಟ್ಟ ಹೆಸರಿನ ಬಗ್ಗೆ ಕೇಳಿದರೆ ಯಂತ್ರ ನಿಲ್ಲುತ್ತದೆ. "ಆಮೇಲೆ ಯಾರ್ಯಾರೋ ಹಾಕ್ಕೊಂಡ್ರು, ಯಾರ್ಯಾರೋ ನಂದು ಅಂದ್ರು. ಅನ್ಲಿ. ಮೊದಲು ಹೊಲಿದೋಳು ಇಲ್ಲೇ ಕೂತಿದೀನಲ್ಲ."