ಪುಸ್ತಕದಲ್ಲಿ ಇಲ್ಲದ ಕೊನೆ

ಆ ಕಾದಂಬರಿಯ ಕೊನೆಯನ್ನು ನಾನು ಓದಲಿಲ್ಲ, ಕಟ್ಟಿದೆ. ಕಟ್ಟಿ, ಪುಸ್ತಕದಲ್ಲೇ ಇದೆ ಎಂಬಂತೆ ದನಿ ತಗ್ಗಿಸಿ ಹೇಳಿದೆ. ಆಮೇಲೆ ಒಬ್ಬಳು ಬಂದು ನೇರವಾಗಿ ಕೇಳಿದಾಗಲೂ, ಇದೆ ಎಂದೇ ಅಂದೆ. ಮೊದಲನೆಯದನ್ನು ತಪ್ಪು ಎನ್ನಬಹುದು. ಎರಡನೆಯದಕ್ಕೆ ಏನು ಹೆಸರಿಡಬೇಕೋ — ಇಷ್ಟು ವರ್ಷಗಳಾದರೂ ನನಗೆ ತಿಳಿದಿಲ್ಲ.

ಲಕ್ಷ್ಮೇಶ್ವರದ ಒಂದು ಸಣ್ಣ ಗ್ರಂಥಾಲಯದಲ್ಲಿ ನಾನಾಗ ಸಹಾಯಕಿ. ಪತ್ರಿಕೆ ಓದಲು ಬರುವ ಗಂಡಸರನ್ನು ಬಿಟ್ಟರೆ ಒಳಗೆ ಕಾಲಿಡುವವರು ಕಡಿಮೆ. ಸಂತೆಗೆ ಬಂದ ಹೆಣ್ಣುಮಕ್ಕಳು ಮಾತ್ರ ನೆರಳಿಗೆಂದು ನಮ್ಮ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಒಂದು ಮಧ್ಯಾಹ್ನ ಪತ್ರಿಕೆಯ ಸುದ್ದಿಯನ್ನು ಅವರಿಗೆ ಗಟ್ಟಿಯಾಗಿ ಓದಿದೆ. ಮುಂದಿನ ಸಂತೆಗೆ ಅವರೇ, "ಅಕ್ಕೋರ, ಇವತ್ತೇನ ಖಬರ?" ಎಂದರು. ಸುದ್ದಿಯಿಂದ ಕಥೆಗೆ, ಕಥೆಯಿಂದ ಕಾದಂಬರಿಗೆ ಬಂದೆವು. 'ಸಂತೆಯ ದಿನ ಮಧ್ಯಾಹ್ನ ಗಟ್ಟಿ ಓದು, ಎಲ್ಲರಿಗೂ ಪ್ರವೇಶ' ಎಂದು ಬಾಗಿಲ ಪಕ್ಕದ ಫಲಕದಲ್ಲಿ ಬರೆದೆ. ಓದಲು ಬಾರದವರಿಗಾಗಿ ಬರೆದದ್ದು ಅದು — ಆಗ ನನಗೆ ಹೊಳೆಯಲೇ ಇಲ್ಲ.

ಅವರು ಕೇಳುತ್ತಿದ್ದ ರೀತಿಯನ್ನು ಹೇಗೆ ಹೇಳಲಿ? ಮುರಿದ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು. ಕೂಸಿಗೆ ಹಾಲೂಡಿಸುತ್ತಿದ್ದವಳು ಅದರ ಕಾಲನ್ನು ಹಿಡಿದುಕೊಂಡು ಉಸಿರು ಬಿಗಿಹಿಡಿಯುತ್ತಿದ್ದಳು. ನಾನು ಕಾಲೇಜಿನಲ್ಲಿ ಸಾಹಿತ್ಯ ಓದಿದವಳು. ಆದರೆ ಬರೆದ ಮಾತಿಗೆ ಇಷ್ಟು ಭಾರವಿದೆಯೆಂದು ತಿಳಿದದ್ದು ಆ ಕಟ್ಟೆಯ ಮೇಲೆ. ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು — ಇವರು ಇಷ್ಟೊಂದು ನಂಬುತ್ತಾರಲ್ಲ.

ಅಣ್ಣತಂಗಿಯರ ಕಥೆಯೊಂದನ್ನು ಕೆಲವು ವಾರ ಓದಿದೆವು. ತಂಗಿಗೂ ತವರಿಗೂ ಮಾತು ಮುರಿದಿದೆ. ಕೊನೆಗೆ ಆಕೆ ಒಬ್ಬಳೇ ಅಣ್ಣನ ಬಾಗಿಲಿಗೆ ಹೊರಡುತ್ತಾಳೆ. ಕೊನೆಯ ಓದಿನ ದಿನ ನಮ್ಮ ಕಾರ್ಯಕ್ರಮ ನೋಡಲು ಗದಗಿನಿಂದ ಅತಿಥಿಗಳು ಬಂದಿದ್ದರು. ಕುರ್ಚಿ ಹಾಕಿದ್ದೆವು. ಓದುತ್ತ ಓದುತ್ತ ಹಾಳೆ ತಿರುಗಿಸಿದೆ — ಮುಂದೆ ರಟ್ಟು ಮಾತ್ರ ಇತ್ತು. ಕೊನೆಯ ಹಾಳೆಗಳು ಕಿತ್ತುಹೋಗಿದ್ದವು. ಮೊದಲೇ ನೋಡಿಕೊಳ್ಳಬೇಕಿತ್ತು, ನೋಡಿರಲಿಲ್ಲ.

ಹಾಳೆ ಇಲ್ಲ ಎನ್ನಬಹುದಿತ್ತು. ಯಾರೂ ಬೈಯುತ್ತಿರಲಿಲ್ಲ. ಆದರೆ ಅತಿಥಿಗಳ ಮುಂದೆ, ಅಷ್ಟು ಮುಖಗಳ ಮುಂದೆ... ಬರಿಯ ರಟ್ಟನ್ನು ನೋಡುತ್ತಲೇ ಮುಂದುವರಿದೆ. ತಂಗಿ ಬಾಗಿಲಲ್ಲಿ ನಿಂತು, ಹಳೆಯದೇನನ್ನೂ ಎತ್ತದೆ, 'ಅಣ್ಣಾ, ಕುಡಿಯಲು ನೀರು ಕೊಡು' ಎನ್ನುತ್ತಾಳೆ. ಅಣ್ಣ ಮಾತಿಲ್ಲದೆ ಒಳಗೆ ಹೋಗಿ ನೀರು ತರುತ್ತಾನೆ. ಮುಗಿಯಿತು. ಕಟ್ಟೆಯ ತುಂಬ ಸೆರಗುಗಳು ಕಣ್ಣಿಗೆ ಹೋದವು. ಅತಿಥಿಗಳು ನನ್ನ ಓದನ್ನು ಹೊಗಳಿದರು. ನನಗೆ ಸುಖವಾಯಿತು — ಇದನ್ನು ಮುಚ್ಚಿಡಲಾರೆ — ಬಹಳ ಸುಖವಾಯಿತು.

ಕೇಳಿದವರಲ್ಲಿ ನೀಲವ್ವ ಇದ್ದಳು. ಆಕೆಯ ತವರು ಹೊಳೆಯ ದಂಡೆಯ ಹಮ್ಮಿಗಿ. ಮಗನಿಗೆ ಅಣ್ಣನ ಮಗಳನ್ನು ಕೇಳಿ, ಆತ ಕೊಡದೆ, ಅಂದಿನಿಂದ ಹೋಗಿಬರುವುದು ನಿಂತಿತ್ತು. ಓದು ಮುಗಿದ ಕೆಲವು ದಿನಗಳಲ್ಲಿ ಆಕೆ ಬಸ್ಸು ಹತ್ತಿ ಹಮ್ಮಿಗಿಗೆ ಹೋದಳು. ಬಾಗಿಲಲ್ಲಿ ನಿಂತು ಅದೇ ಮಾತು ಆಡಿದಳು. ಅಣ್ಣ ಬೆಲ್ಲ, ನೀರು ತಂದುಕೊಟ್ಟು, "ಒಳಗ ಬಾ" ಎಂದನಂತೆ. ಮುಂದಿನ ಸಂತೆಗೆ ನೀಲವ್ವ ಗ್ರಂಥಾಲಯದೊಳಗೇ ಬಂದಳು. ಆ ಪುಸ್ತಕವನ್ನು ಕೇಳಿ ತೆಗೆಸಿಕೊಂಡು ಹಣೆಗೆ ಒತ್ತಿಕೊಂಡಳು.

"ಇದನ್ನ ಬರದಾವ ನನ್ನ ಹೊಟ್ಟ್ಯಾಗಿಂದ ಬರದಾನ ನೋಡ್ರಿ," ಎಂದಳು.

ಬಾಯಿಗೆ ಬಂದದ್ದನ್ನು ನಾನು ಆಡಿದ್ದೆ. ಅದು ಹೊಳೆಯ ದಂಡೆಯ ಒಂದು ಮನೆಯ ಬಾಗಿಲು ತೆರೆಸಿತ್ತು. ಸುಳ್ಳು ಎಂದು ಈಗ ಹೇಳಿ ಏನುಪಯೋಗ ಎಂದುಕೊಂಡೆ.

ನೀಲವ್ವನ ಸುದ್ದಿ ಕಟ್ಟೆಯ ಮೇಲೆಲ್ಲ ಹರಡಿತು. ಅದನ್ನು ಕೇಳಿ, ಓದಿಗೆ ತಪ್ಪದೆ ಬರುತ್ತಿದ್ದ ಕಾಶವ್ವನೂ ಹೊರಟಳು. ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದ ಹೆಂಗಸು. ಹೊಡೆಯುವ ಗಂಡನನ್ನು ಬಿಟ್ಟು ಬಂದದ್ದಕ್ಕೆ ಹಿರೇಹಂದಿಗೋಳದ ತವರಿನವರು ಆಕೆಯನ್ನು ದೂರ ಇಟ್ಟಿದ್ದರು. ಹೊಸ ಸೀರೆಯುಟ್ಟು ಹೋದಳಂತೆ. ಅಣ್ಣ ಪಡಸಾಲೆಯಲ್ಲೇ ಇದ್ದ. ನೀರು ಕೇಳಿದಳು. ಆತ ಎದ್ದು ಒಳಗೆ ಹೋದ. ಅತ್ತಿಗೆ ಹೊರಗೆ ಬಂದು, ಭಿಕ್ಷೆಯವರಿಗೆ ಹೇಳುವ ಹಾಗೆ, "ಮುಂದ ಹೋಗವ್ವಾ," ಎಂದು ಕದ ಹಾಕಿದಳು. ಓಣಿಯ ಮಂದಿ ನೋಡುತ್ತಿದ್ದರು.

ಮರುದಿನ ಕಾಶವ್ವ ನನ್ನ ಮೇಜಿನೆದುರು ಬಂದು ನಿಂತಳು. ನಡೆದದ್ದನ್ನು ಹೇಳಿದಳು. ಅಳಲಿಲ್ಲ.

"ಅಕ್ಕೋರ, ಪುಸ್ತಕದಾಗ ಖರೇನ ಹಂಗ ಐತೇನ್ರಿ?"

ಆ ಕ್ಷಣ ನನ್ನ ಕೈಯಲ್ಲಿತ್ತು. ಒಂದೇ ಮಾತು ಸಾಕಿತ್ತು.

"ಹೌದವ್ವಾ. ಹಂಗ ಐತಿ," ಎಂದೆ.

"ಹಂಗಾರ ತಪ್ಪು ನನ್ನೊಳಗ ಐತಿ ಬಿಡ್ರಿ," ಎಂದು ಹೊರಟುಹೋದಳು. ಮತ್ತೆ ಕಟ್ಟೆಗೆ ಬರಲಿಲ್ಲ. ಸ್ವಲ್ಪ ಕಾಲಕ್ಕೆ ಶಿರಹಟ್ಟಿಗೆ ಹೋಗಿ ನೆಲೆಸಿದಳೆಂದು ತಿಳಿಯಿತು. ವಿಚಾರಿಸಲು ನಾನು ಹೋಗಲಿಲ್ಲ.

ವರ್ಷಗಳು ಹೋದವು. ನಾನು ಗ್ರಂಥಪಾಲಕಿಯಾದೆ. ಈ ವರ್ಷ ಹೊಸ ಪುಸ್ತಕಗಳ ಕಟ್ಟು ಬಂದಾಗ ಅದರಲ್ಲಿ ಆ ಕಾದಂಬರಿಯ ಹೊಸ ಮುದ್ರಣವಿತ್ತು. ನಿಂತಲ್ಲೇ ಕೊನೆಯ ಪುಟಗಳನ್ನು ತೆರೆದೆ. ಅಣ್ಣ ಕದ ತೆಗೆಯುವುದಿಲ್ಲ. ತಂಗಿ ಸ್ವಲ್ಪ ಹೊತ್ತು ನಿಂತು, ಊರ ಹೊರಗಿನ ಬಾವಿಗೆ ಬಂದು ಮುಖ ತೊಳೆದು, ತನ್ನ ಬೊಗಸೆಯಲ್ಲೇ ನೀರು ಕುಡಿದು, ಹಿಂದಿರುಗಿ ನೋಡದೆ ನಡೆಯುತ್ತಾಳೆ. ಮುಂದಿನ ಊರಿನಲ್ಲಿ 'ಯಾರ ಪೈಕಿ?' ಎಂದು ಕೇಳಿದವರಿಗೆ ತನ್ನ ಹೆಸರನ್ನಷ್ಟೇ ಹೇಳುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಕಪಾಟಿಗೆ ಕೈಯೂರಿ ನಿಂತೆ. ಈ ಪುಟಗಳನ್ನು ಯಾರೋ ಎಂದೋ, ಕಾಶವ್ವನನ್ನು ಕಾಣದೆಯೇ, ಕಾಶವ್ವನಿಗಾಗಿ ಬರೆದಿಟ್ಟಿದ್ದರು. ಅವು ಆಕೆಗೆ ಮುಟ್ಟುವ ದಾರಿಯಲ್ಲಿ ನಾನು ಅಡ್ಡ ನಿಂತಿದ್ದೆ.

ಮೊದಲು ನೀಲವ್ವನ ಬಳಿ ಹೋದೆ — ಅದು ಸುಲಭ ಎಂದೇ. ಎಲ್ಲ ಹೇಳಿದೆ.

"ಪುಸ್ತಕದಾಗ ಇರ್ಲಿ, ಬಿಡ್ಲಿ. ನಮ್ಮಣ್ಣ ನೀರ ಕೊಟ್ಟಾನ. ಅದೇನ ಸುಳ್ಳಲ್ಲ," ಎಂದಳು. ಆಮೇಲೆ, "ಕಾಶವ್ವಗ ಹೇಳೀರೇನು?" ಎಂದು ಕೇಳಿದಳು.

ಶಿರಹಟ್ಟಿಯಲ್ಲಿ ಕಾಶವ್ವನಿಗೆ ಈಗ ತನ್ನದೇ ರೊಟ್ಟಿಯ ಅಂಗಡಿಯಿದೆ. ಕೂದಲು ಪೂರಾ ಬೆಳ್ಳಗಾಗಿದೆ. ನನ್ನನ್ನು ಕಂಡ ಕೂಡಲೇ ಗುರುತಿಸಿ, "ಬರ್ರಿ, ಕುಂಡ್ರಿ," ಎಂದಳು. ಕೂರಲಿಲ್ಲ. ಹೊಸ ಪುಸ್ತಕ ಕೈಯಲ್ಲಿ ಹಿಡಿದು ನಿಂತೇ ಎಲ್ಲ ಹೇಳಿದೆ. ಆಕೆ ಹಿಟ್ಟಿನ ಕೈ ಒರೆಸಿಕೊಂಡು, "ಖರೆ ಇದ್ದದ್ದನ್ನ ಓದ್ರಿ," ಎಂದಳು.

ಓದಿದೆ. ಮುಗಿದ ಮೇಲೆ, "ಇನ್ನೊಮ್ಮೆ," ಎಂದಳು. ಮತ್ತೆ ಓದಿದೆ. ಕಟ್ಟೆಯ ಮೇಲೆ ನಾನು ಕಂಡಿದ್ದ ಕೇಳುವಿಕೆ ಇದರ ಮುಂದೆ ಏನೂ ಅಲ್ಲ. ಆಕೆಯ ಮುಖದ ಮೇಲೆ ಆ ತಂಗಿ ನಡೆದುಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಇಬ್ಬರೂ ಕದಲಲಿಲ್ಲ.

"ಈಕಿ ನನಗಿಂತ ಚೊಲೊ ನಡದಾಳ," ಎಂದಳು ಕೊನೆಗೆ. "ನಾ ಬಸ್ಸಿನ್ಯಾಗ ಅಳಕೋತ ಬಂದೆ. ಎಷ್ಟ ವರ್ಷ ನನ್ನ ನಾನ ಬೈಕೊಂಡೆ."

ಕ್ಷಮೆ ಕೇಳಬೇಕೆಂದು ಬಂದಿದ್ದೆ. ಆದರೆ ಅದನ್ನು ಕೇಳುವುದೆಂದರೆ ಆಕೆಯಿಂದ ಇನ್ನೊಂದನ್ನು ಕಿತ್ತುಕೊಂಡಂತೆ ಎನಿಸಿ, ಕೇಳಲಿಲ್ಲ.

ಆಕೆ ಸಿಟ್ಟಿನಿಂದಲ್ಲ, ಏನನ್ನೋ ತಿಳಿದುಕೊಳ್ಳಬೇಕೆಂಬಂತೆ ನನ್ನ ಮುಖ ನೋಡಿದಳು.

"ನನಗ ಓದಾಕ ಬರೂದಿಲ್ಲಂತ ನಿಮಗ ಗೊತ್ತಿತ್ತಲ್ಲ, ಅಕ್ಕೋರ?"

"ಗೊತ್ತಿತ್ತು," ಎಂದೆ.