ಬಾದಾಮಿಯ ಬೆನ್ನಿಗೆ ಸದ್ಯದ ಜೀನು

ಹೆಸರಘಟ್ಟ ರಸ್ತೆಯಲ್ಲಿ ಹಾಲಿನ ವ್ಯಾನುಗಳು ಇನ್ನೂ ಓಡಾಡುತ್ತಿರುವ ಹೊತ್ತು. ಚಿಕ್ಕಬಾಣಾವರದಾಚೆ ಇರುವ ಕುದುರೆ ಸವಾರಿ ಶಾಲೆಯ ಲಾಯದಲ್ಲಿ ನಜ್ಮುನ್ನೀಸಾ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ಬೆಳಗಿನ ಮೊದಲ ಸುತ್ತು ಮುಗಿಸಿ ಬಂದ ಬಾದಾಮಿ ಎಂಬ ಕಂದು ಹೆಣ್ಣು ಕುದುರೆಯ ಜೀನನ್ನು ಈಗಷ್ಟೇ ಇಳಿಸಲಾಗಿದೆ. ಅದರ ಬೆವೆತ ಬೆನ್ನ ಮೇಲೆ ಅವರ ಅಂಗೈ ನಿಧಾನವಾಗಿ ಸರಿಯುತ್ತದೆ, ಒಂದು ಕಡೆ ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ದೂರದಿಂದ ಕಂಡವರು ಪ್ರಾರ್ಥನೆಯೆಂದೇ ತಿಳಿಯಬೇಕು.

"ನಮಾಜು ಮನೇಲೇ ಮುಗಿಸ್ಕೊಂಡು ಬಂದಿದೀನಿ," ಎನ್ನುತ್ತಾರೆ ಕಣ್ಣು ಬಿಡದೆ. "ಇದು ಬಿಸಿ ನೋಡೋದು. ಜೀನು ಎಲ್ಲಿ ಒತ್ತುತ್ತೋ ಅಲ್ಲಿ ಬಿಸಿ ಇರ್ತದೆ."

ಇವತ್ತು ಎಡ ಹೆಗಲ ಹಿಂದೆ ಅಂಗೈಯಗಲ ಜಾಗ ಸುಡುತ್ತಿದೆ. ಅವರು ಕೈ ತೆಗೆಯುವುದಿಲ್ಲ.

ನಜ್ಮುನ್ನೀಸಾಗೆ ಅರವತ್ತರ ಹತ್ತಿರ. ಆರ್.ಟಿ. ನಗರದ ಮನೆಯಿಂದ ಎರಡು ಬಸ್ಸು ಹಿಡಿದು ವಾರಕ್ಕೆ ಮೂರು ದಿನ ಇಲ್ಲಿಗೆ ಬರುತ್ತಾರೆ. ಇಲ್ಲಿನ ಹದಿನಾಲ್ಕು ಕುದುರೆಗಳ ಜೀನು, ಲಗಾಮು, ಹೊಟ್ಟೆಪಟ್ಟಿ ಎಲ್ಲ ಅವರ ದಬ್ಬಳಕ್ಕೆ ಸೇರಿದ್ದು. ಮಾವ ಜಟಕಾ ಗಾಡಿಗಳಿಗೆ ಚರ್ಮ ಹೊಲಿಯುತ್ತಿದ್ದರು. ಗಂಡ ಮುಜಫ್ಫರ್ ಸವಾರಿ ಜೀನಿನ ಕೆಲಸ ಕಲಿತರು. ಹೆಂಡತಿಗೆ ಯಾರೂ ಕೂತು ಕಲಿಸಲಿಲ್ಲ.

"ಅವರು ಈ ಕಡೆಯಿಂದ ಸೂಜಿ ಹಾಕೋರು, ನಾನು ಆ ಕಡೆಯಿಂದ ಎಳೀತಿದ್ದೆ. ಮದುವೆಯಾದ ಹೊಸದ್ರಲ್ಲಿ ನಮ್ಮಿಬ್ಬರ ಮಾತೂ ಅಷ್ಟೇ," ಎಂದು ನಗುತ್ತಾರೆ.

ಮುಜಫ್ಫರ್ ತೀರಿಕೊಂಡು ಎರಡು ವರ್ಷ. ಅವರ ಕೈಯಿಂದ ಬಂದ ಕೊನೆಯ ಜೀನು ಬಾದಾಮಿಯದು. ಅದರ ಬೆನ್ನಿನ ಅಳತೆ ತೆಗೆದು, ಅದಕ್ಕೆಂದೇ ಹೊಲಿದದ್ದು.

ಕಳೆದ ಮಳೆಗಾಲ ಬಾದಾಮಿಯ ಬಲ ಮುಂಗಾಲಿನ ನರ ಹರಿಯಿತು. ಎಂಟು ತಿಂಗಳು ಲಾಯದಲ್ಲೇ ನಿಂತಿತು. ಕಾಲು ಕೂಡಿಕೊಂಡಿತು, ಆದರೆ ನಿಂತಲ್ಲೇ ನಿಂತ ಕುದುರೆಯ ಬೆನ್ನಿನ ಮಾಂಸ ಕರಗಿ ಮೂಳೆ ಎದ್ದಿತ್ತು. ಮತ್ತೆ ಕೆಲಸಕ್ಕೆ ಹಚ್ಚುವ ಕುದುರೆಗೆ ಹಳೆಯ ಜೀನು ಕೂರುವುದಿಲ್ಲ. ಹೊಸದನ್ನು ಹೊಲಿಯುವ ಹಾಗೂ ಇಲ್ಲ.

"ಕಾಯಿಲೆಯಿಂದ ಎದ್ದೋರಿಗೆ ಬ್ಲೌಸು ಹೊಲಿದ ಹಾಗೆ ಕಣ್ರೀ. ಇವತ್ತಿನ ಮೈಗೆ ಹೊಲಿದ್ರೆ, ಊಟ ಸೇರಿ ಮೈ ತುಂಬ್ಕೊಂಡಾಗ ಬಿಗಿಯಾಗ್ತದೆ. ಅಲ್ಲೀವರ್ಗೂ ಸದ್ಯಕ್ಕೆ ಅಂತ ಒಂದು ಬೇಕು."

ಆ ಸದ್ಯದ ಜೀನನ್ನು ಆರಿಸುವುದೇ ನಜ್ಮುನ್ನೀಸಾ ಅವರ ಕಸುಬಿನ ಸೂಕ್ಷ್ಮ. ಉಗ್ರಾಣದ ಹಳೆಯ ಜೀನುಗಳಲ್ಲಿ ಅತಿ ಅಗಲವಾದದ್ದನ್ನು ತೆಗೆದು, ಅದರಡಿ ದಪ್ಪ ಉಣ್ಣೆಯ ಹಾಸು ಮೂರು ಪದರ ಇಟ್ಟರು. ಬೆನ್ನು ತುಂಬಿದ ಹಾಗೆ ಒಂದೊಂದೇ ಪದರ ತೆಗೆಯಬೇಕು. ಮೂರನೆಯದೂ ಹೊರಗೆ ಬಂದ ದಿನ ಸದ್ಯದ ಜೀನಿನ ಋಣ ತೀರಿತು. ಆಮೇಲೂ ಅದನ್ನೇ ಹಾಕಿದರೆ, ಹಾಸಿಲ್ಲದ ಅದರ ಗಟ್ಟಿ ಅಡಿ ತುಂಬುತ್ತಿರುವ ಬೆನ್ನನ್ನು ಒತ್ತುತ್ತದೆ.

ಕುದುರೆ ನೋಡಿಕೊಳ್ಳುವ ಗಿರಿ ಚಿಕ್ಕಬಾಣಾವರದ ಹಳೆಯ ಮನೆತನದವರು, ನಲವತ್ತರ ಆಸುಪಾಸು. ಯಾರು ಬಂದರೂ ಜಾಗ ಕೊಡುವ ಆ ಅಗಲದ ಜೀನಿಗೆ ಅವರು ಧರ್ಮಛತ್ರ ಎಂದು ಹೆಸರಿಟ್ಟಿದ್ದಾರೆ.

"ಆಪಾ, ಈ ಧರ್ಮಛತ್ರದ ಮೇಲೆ ಕೂತು ಕೂತು ನನ್ ಸೊಂಟನೇ ಇಡ್ಕೊಂಡದೆ. ನಂಗೇ ಇಂಗಾದ್ರೆ ಬಾದಾಮಿಗೆ ಎಂಗಾಗ್ಬೇಡ?"

"ನಿನ್ನ ಸೊಂಟಕ್ಕೆ ನಾನು ಹೊಲಿಯಲ್ಲ ಕಣೋ. ಹೋಗಿ ನಿನ್ ಹೆಂಡ್ತೀನ ಕೇಳು."

ನಗೆಯಾಡಿದರೂ ಇಬ್ಬರಿಗೂ ಗೊತ್ತು, ಮೂರನೆಯ ಪದರ ತೆಗೆದು ತಿಂಗಳಾಗಿದೆ.

ಮುಜಫ್ಫರ್ ಹೊಲಿದ ಜೀನನ್ನು ಅವತ್ತೇ ಇಟ್ಟು ನೋಡಿದ್ದರು. ಕೂರಲಿಲ್ಲ. ನೋವಿದ್ದಷ್ಟು ಕಾಲ ಬಾದಾಮಿ ಎಡಗಾಲಿಗೇ ಭಾರ ಬಿಟ್ಟು ನಿಂತಿತ್ತು. ಎಡ ಹೆಗಲು ಈಗ ಬಲದ್ದಕ್ಕಿಂತ ದಪ್ಪ. ಆ ಜೀನಿನ ಅಡಿಯ ಮೆತ್ತೆ ಬಿಚ್ಚಿ ಎಡಗಡೆಯ ಉಣ್ಣೆ ಸ್ವಲ್ಪ ತೆಗೆದು ಬಲಕ್ಕೆ ತುಂಬಿದರೆ ಸರಿಹೋಗುತ್ತದೆ. ಬಿಚ್ಚಬೇಕೆಂದರೆ ಮುಜಫ್ಫರ್ ಹಾಕಿದ ಹೊಲಿಗೆಯನ್ನು ಕತ್ತರಿಸಬೇಕು.

"ಇನ್ನೊಂದು ಹದಿನೈದು ದಿನ ನೋಡೋಣ," ಎಂದರು ನಜ್ಮುನ್ನೀಸಾ. ಅದು ಕಳೆದ ಮೇಲೆ ಮತ್ತೊಮ್ಮೆ ಅದನ್ನೇ ಹೇಳಿದರು. ಶಾಲೆ ನಡೆಸುವ ಧನಲಕ್ಷ್ಮಿ ಒತ್ತಾಯ ಮಾಡಲಿಲ್ಲ.

"ಅವರ ಮುಖ ನೋಡಿ ಕೇಳೋಕೆ ಬಾಯಿ ಬರ್ಲಿಲ್ಲ. ಕೇಳ್ಬೇಕಾಗಿತ್ತು," ಎನ್ನುತ್ತಾರೆ ಧನಲಕ್ಷ್ಮಿ. "ಈ ಸಲ ಬೆನ್ನು ಕೆಟ್ರೆ ಮತ್ತೆ ತಿಂಗಳುಗಟ್ಟಲೆ ನಿಲ್ಲಿಸ್ಬೇಕು. ಅದರ ವಯಸ್ಸಿಗೆ ಇನ್ನೊಂದ್ಸಲ ಮೇಲೇಳೋದು ಅನುಮಾನ. ಕೆಲಸ ಇಲ್ಲದ ಕುದುರೇನ ಮದುವೆ ಮೆರವಣಿಗೆಯವರು ಕೇಳ್ಕೊಂಡು ಬರ್ತಾರೆ. ಬ್ಯಾಂಡು, ಪಟಾಕಿ, ಟಾರು ರೋಡು."

ಮನುಷ್ಯರ ಮನಸ್ಸು ಸಿದ್ಧವಾಗುವವರೆಗೆ ಬಾದಾಮಿಯ ಬೆನ್ನು ಕಾಯಲಿಲ್ಲ. ದೇವರು ಅದಕ್ಕೆ ಕೊಟ್ಟ ನೇಮದಂತೆ ದಿನದಿನವೂ ತುಂಬಿಕೊಂಡಿತು. ನಜ್ಮುನ್ನೀಸಾ ಈಗ ಅದರ ಕುತ್ತಿಗೆ ಸವರುತ್ತಾ ತಗ್ಗಿದ ದನಿಯಲ್ಲಿ ಹೇಳುತ್ತಾರೆ:

"ಹೊಟ್ಟೆಪಟ್ಟಿ ಬಿಗಿಯೋವಾಗ ನೋವಿಗೆ ಕಿವಿ ಹಿಂದಕ್ಕೆ ಹಾಕ್ತಿತ್ತು. ಎರಡು ವಾರದಿಂದ. ನಾನು ನೋಡ್ದೆ. ನೋಡಿ ಸುಮ್ನಿದ್ದೆ. ಪಾಪ, ಅದಕ್ಕೆ ಬಾಯಿ ಇದ್ದಿದ್ರೆ ಏನಂತಿತ್ತೋ."

ಚರ್ಮ ಒಡೆದಿಲ್ಲ ಎಂಬುದೊಂದೇ ಸಮಾಧಾನ. ಬಿಸಿ ಆರುವವರೆಗೆ ಬಾದಾಮಿಯ ಬೆನ್ನ ಮೇಲೆ ಏನೂ ಹಾಕುವ ಹಾಗಿಲ್ಲ. ತಣ್ಣೀರ ಬಟ್ಟೆ, ಕೈಯಲ್ಲಿ ಹಿಡಿದು ನಡೆಸುವುದು, ಅಷ್ಟೆ. ಬೆನ್ನು ಮೊದಲಿನಂತಾಗುತ್ತದೋ ಇಲ್ಲವೋ ಇವತ್ತೇ ಯಾರೂ ಹೇಳಲಾರರು.

ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ನಜ್ಮುನ್ನೀಸಾ ಉಗ್ರಾಣದಿಂದ ಮುಜಫ್ಫರ್ ಅವರ ಜೀನನ್ನು ಹೊತ್ತು ತಂದು ಗೋಣಿಚೀಲದ ಮೇಲೆ ಮಗುಚಿ ಹಾಕುತ್ತಾರೆ. ಸೆರಗು ಬಿಗಿದು, ಬಿಸ್ಮಿಲ್ಲಾ ಎಂದು ಕತ್ತರಿಯ ತುದಿಯನ್ನು ಹೊಲಿಗೆಯಡಿ ತೂರಿಸುತ್ತಾರೆ. ದಾರ ಸುಲಭಕ್ಕೆ ಬಿಡುವುದಿಲ್ಲ. ಒಂದೊಂದನ್ನೂ ಎಬ್ಬಿಸಿ ಕತ್ತರಿಸಬೇಕು.

ಗಿರಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತುಂಡು ದಾರಗಳನ್ನು ಆರಿಸುತ್ತಾರೆ. "ಎತ್ತಿಡ್ಲಾ ಆಪಾ?"

"ಬೇಡ. ದಾರದ ಮೇಣ ಒಣಗೋಗಿದೆ, ಏನಕ್ಕೂ ಬರಲ್ಲ." ಇನ್ನೂ ನಾಲ್ಕು ಹೊಲಿಗೆ ಕತ್ತರಿಸುತ್ತಾರೆ. ಒಳಗಿನ ಉಣ್ಣೆ ಹೊರಗೆ ಇಣುಕುತ್ತದೆ. "ಎಂಥಾ ಕೈ ನೋಡೋ. ಒಂದಾದ್ರೂ ಸಡಿಲ ಇದೆಯಾ?"

"ಇಲ್ಲ ಆಪಾ."

"ಅವರಿದ್ದಿದ್ರೆ ಅವತ್ತೇ ಬಿಚ್ಚೋರು," ಎನ್ನುತ್ತಾರೆ ನಜ್ಮುನ್ನೀಸಾ, ಮುಂದಿನ ಹೊಲಿಗೆಗೆ ಕತ್ತರಿ ಇಡುತ್ತಾ. "ತಿಂಗಳು ತಡ ಮಾಡಿದ್ದಕ್ಕೆ ನಂಗೆ ಬಯ್ಯೋರು."